‘ಜೀರೋ ಪ್ರೀಮಿಯಂ’ ಮೆಡಿಕೇರ್ ಪ್ಲಾನ್‌ಗೆ ಸಹಿ ಹಾಕುವ ಮುಂಚೆ

ಅಮೆರಿಕದಲ್ಲಿರುವ ನಿಮ್ಮ ಅಪ್ಪ ಅಮ್ಮನಿಗೋ ಅಣ್ಣನಿಗೋ 65 ತುಂಬುತ್ತಾ ಬಂದಿದ್ದರೆ ಇದನ್ನು ಓದಿಸಿ. ಟೆಕ್ಸಸ್‌ನಲ್ಲಿರುವ ನಮ್ಮ ಸೋದರಮಾವ ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ.

ಮೆಡಿಕೇರ್ ಅಂದರೆ ಮುಖ್ಯವಾಗಿ 65 ದಾಟಿದವರಿಗೆ ಇರುವ ಅಮೆರಿಕ ಸರ್ಕಾರದ ಆರೋಗ್ಯ ವಿಮೆ. ಮಾವ ರಿಟೈರ್ ಆದಾಗ ಏಜೆಂಟ್ ಒಬ್ಬ ಮೆಡಿಕೇರ್ ಅಡ್ವಾಂಟೇಜ್ ಪ್ಲಾನ್, ಅಂದರೆ ಅದೇ ವಿಮೆಯನ್ನು ಖಾಸಗಿ ಕಂಪನಿ ನಡೆಸುವ ಪ್ಲಾನ್ ಮಾಡಿಸಿದ. ಪ್ರೀಮಿಯಂ ಸೊನ್ನೆ, ಹಲ್ಲು, ಕನ್ನಡಕ, ಜಿಮ್ ಎಲ್ಲ ಸೇರಿದೆ ಅಂದ. ಪಾರ್ಟ್ ಬಿ (ಮೆಡಿಕೇರ್‌ನಲ್ಲಿ ಡಾಕ್ಟರ್ ಖರ್ಚು ನೋಡಿಕೊಳ್ಳುವ ಭಾಗ) ಕಂತು ಮಾತ್ರ ಹೇಗೂ ತಪ್ಪುವುದಿಲ್ಲ, 2025ರಲ್ಲಿ ಅದು ತಿಂಗಳಿಗೆ 185 ಡಾಲರ್ ಇತ್ತು. ಗಟ್ಟಿಮುಟ್ಟಾಗಿ ಇರುವವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಆಮೇಲೆ ಅವರ ಹಾರ್ಟ್ ಡಾಕ್ಟರ್ ಇದ್ದ ಆಸ್ಪತ್ರೆ ಆ ಪ್ಲಾನಿನ ನೆಟ್‌ವರ್ಕ್, ಅಂದರೆ ಪ್ಲಾನ್ ಒಪ್ಪುವ ಡಾಕ್ಟರ್ ಆಸ್ಪತ್ರೆಗಳ ಪಟ್ಟಿ ಬಿಟ್ಟಿತು. ಕಂಪನಿ ಕೊಟ್ಟ ಪಟ್ಟಿ ಹಿಡಿದು ಅತ್ತೆ ಒಂದೊಂದೇ ನಂಬರಿಗೆ ಫೋನ್ ಮಾಡಿದರು. ಒಬ್ಬರು ಊರು ಬಿಟ್ಟಿದ್ದರು, ಇನ್ನೊಬ್ಬರು ಹೊಸ ಪೇಷೆಂಟ್ ತಗೊಳ್ಳುತ್ತಿರಲಿಲ್ಲ, ಮತ್ತೊಂದು ನಂಬರ್ ಮಕ್ಕಳ ಡಾಕ್ಟರದ್ದು!

ಅಷ್ಟರಲ್ಲಿ ಮಾವ ಬಿದ್ದು ಸೊಂಟ ಮುರಿಯಿತು. ಆಪರೇಷನ್ ಆಗಿ ರಿಹ್ಯಾಬ್ ಸೆಂಟರ್‌ಗೆ ಹೋದರು. ವಾಕರ್ ಹಿಡಿದು ಬಾತ್‌ರೂಮ್‌ವರೆಗೆ ಹೋಗಲೂ ಆಗದಿದ್ದಾಗ ಕೈಗೆ ಒಂದು ಹಾಳೆ ಬಂತು: ಇನ್ನೆರಡು ದಿನಕ್ಕೆ ಕವರೇಜ್ ಬಂದ್. ಈ ಹಾಳೆ ಬಂದರೆ ಸುಮ್ನೆ ಕೂರಬೇಡಿ. ಕವರೇಜ್ ಮುಗಿಯುವ ಹಿಂದಿನ ದಿನ ಮಧ್ಯಾಹ್ನ 12ರೊಳಗೆ, ಅದರಲ್ಲೇ ಇರುವ ನಂಬರಿಗೆ ಫೋನ್ ಮಾಡಿ ತುರ್ತು ಅಪೀಲ್ ಹಾಕಬೇಕು. ನಾವು ಹಾಕಿದೆವು, ಉಳಿಯಲು ಬಿಟ್ಟರು. ಅಡ್ವಾಂಟೇಜ್ ಕಂಪನಿಗಳು 2023ರಲ್ಲಿ ತಿರಸ್ಕರಿಸಿದ ಮುಂಗಡ ಅನುಮತಿ (ಚಿಕಿತ್ಸೆಗೆ ಮುಂಚೆ ಕಂಪನಿಯಿಂದ ಪಡೆಯಬೇಕಾದ ಒಪ್ಪಿಗೆ) ಕೋರಿಕೆಗಳಲ್ಲಿ ಅಪೀಲಿಗೆ ಹೋದದ್ದು ಶೇ 12ರಷ್ಟು ಮಾತ್ರ. ಹೋದವುಗಳಲ್ಲಿ ಶೇ 80ಕ್ಕೂ ಜಾಸ್ತಿ ಪೂರ್ತಿಯಾಗಿಯೋ ಅರೆಬರೆಯಾಗಿಯೋ ಗೆದ್ದಿವೆ. ಅಂದರೆ ಬೇಡ ಅಂದರೆ ಮುದುಕರು ಸುಮ್ಮನಾಗುತ್ತಾರೆ ಅನ್ನುವ ಲೆಕ್ಕಾಚಾರ, ಅಲ್ವಾ?

ಖಾಸಗಿಯವರ ಕೈಗೆ ಕೊಟ್ಟರೆ ಸರ್ಕಾರದ ಖರ್ಚು ಇಳಿಯುತ್ತದೆ ಅಂತ ಶುರುವಾದದ್ದು ಈ ಅಡ್ವಾಂಟೇಜ್. ಅಲ್ಲಿನ ಸಂಸತ್ತಿಗೆ ಸಲಹೆ ಕೊಡುವ ಮೆಡ್‌ಪ್ಯಾಕ್ 2025ರಲ್ಲಿ ಹೇಳಿದ್ದೇ ಬೇರೆ: ಅಡ್ವಾಂಟೇಜ್‌ನಲ್ಲಿರುವ ಅದೇ ಜನ ಸರ್ಕಾರವೇ ನೇರವಾಗಿ ನಡೆಸುವ ಒರಿಜಿನಲ್ ಮೆಡಿಕೇರ್‌ನಲ್ಲಿದ್ದರೆ ಆಗುವುದಕ್ಕಿಂತ ಆ ವರ್ಷ ಸುಮಾರು 8,400 ಕೋಟಿ ಡಾಲರ್ ಜಾಸ್ತಿ ಖರ್ಚು. ದುಡ್ಡೂ ಉಳಿಯಲಿಲ್ಲ, ಡಾಕ್ಟರೂ ಸಿಗಲಿಲ್ಲ.

ಏಜೆಂಟ್ ಬಾಯಿ ಬಿಡದ ಸಂಗತಿ ಇನ್ನೊಂದಿದೆ. ಒರಿಜಿನಲ್ ಮೆಡಿಕೇರ್‌ಗೆ ವಾಪಸ್ ಹೋಗಬಹುದು. ಮೆಡಿಕೇರ್ ತೆಗೆದುಕೊಳ್ಳುವ ಡಾಕ್ಟರ್ ದೇಶದಲ್ಲಿ ಎಲ್ಲಿದ್ದರೂ ತೋರಿಸಿಕೊಳ್ಳಬಹುದು. ಆದರೆ ಡಾಕ್ಟರ್ ಬಿಲ್ಲಿನಲ್ಲಿ ಸಾಮಾನ್ಯವಾಗಿ ಶೇ 20 ನಮ್ಮ ತಲೆ ಮೇಲೆ, ಅದಕ್ಕೆ ಮಿತಿಯೇ ಇಲ್ಲ. ಆ ಪಾಲು ತುಂಬಿಕೊಡುವುದು ಮೆಡಿಗ್ಯಾಪ್ ಪಾಲಿಸಿ. 65 ತುಂಬಿ ಪಾರ್ಟ್ ಬಿ ಶುರುವಾದ ಮೊದಲ ಆರು ತಿಂಗಳು ಅದನ್ನು ಕಾಯಿಲೆ ನೋಡದೆ ಕೊಡಲೇಬೇಕು. ಆ ಗಡುವು ದಾಟಿದರೆ ಹೆಚ್ಚಿನ ರಾಜ್ಯಗಳಲ್ಲಿ ಕಂಪನಿ ನಿಮ್ಮ ಕಾಯಿಲೆ ಕಸಾಲೆ ಕೆದಕಿ ಇಲ್ಲ ಅನ್ನಬಹುದು. ಮಾವನಿಗೆ ಇಲ್ಲ ಅಂದರು.

ಅಡ್ವಾಂಟೇಜ್ ಎಲ್ಲರಿಗೂ ಕೆಟ್ಟದ್ದು ಅಂತಲ್ಲ. ವರ್ಷಕ್ಕೆ ಕೈಯಿಂದ ಹಾಕುವ ಖರ್ಚಿಗೆ ಅದರಲ್ಲಿ ಮಿತಿ ಇದೆ, ಮೆಡಿಗ್ಯಾಪ್ ಕಂತು ಕಟ್ಟಲಾಗದವರಿಗೆ ಅದೇ ಗತಿ. ಸೇರುವ ಮುಂಚೆ ನಿಮ್ಮ ಡಾಕ್ಟರ್ ಆಫೀಸಿನ ಬಿಲ್ಲಿಂಗ್ ಡೆಸ್ಕಿಗೇ ಫೋನ್ ಮಾಡಿ, ಪ್ಲಾನಿನ ಪೂರ್ತಿ ಹೆಸರು ಹೇಳಿ, ಮುಂದಿನ ವರ್ಷವೂ ತಗೊಳ್ಳುತ್ತೀರಾ ಅಂತ ಕೇಳಿ. ಏಜೆಂಟ್‌ಗೆ ಕಮಿಷನ್ ಇರುತ್ತದೆ. ಪ್ರತಿ ರಾಜ್ಯದಲ್ಲೂ ಇರುವ ಶಿಪ್ (ಸರ್ಕಾರಿ ಹಣದಲ್ಲಿ ನಡೆಯುವ ಮೆಡಿಕೇರ್ ಸಲಹಾ ಸೇವೆ) ಸಲಹೆಗಾರರಿಗೆ ಅದಿಲ್ಲ, ಫೀಸೂ ಇಲ್ಲ. ಮೆಡಿಕೇರ್‌ನ 1-800-633-4227ಕ್ಕೆ ಫೋನ್ ಮಾಡಿದರೆ ಅವರ ನಂಬರ್ ಕೊಡುತ್ತಾರೆ. ಪ್ಲಾನ್ ಬದಲಿಸುವ ಅವಧಿ ಪ್ರತಿ ವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7.