ಮಂಡುವಿಗೆ ಯಾವ ಕಣಕ: ತಣ್ಣೀರಿನದೋ, ಬಿಸಿನೀರಿನದೋ, ಅಂಗಡಿಯದೋ?

ಮಂಡು ಎಂದರೆ ಮೈದಾ ಹಾಳೆಯಲ್ಲಿ ಹೂರಣ ತುಂಬಿದ ಕೊರಿಯಾದ ಕಡುಬು. ಅದನ್ನು ಮಾಡುವಾಗ ಎಲ್ಲರ ಗಮನವೂ ಹೂರಣದ ಮೇಲೆ. ಹಬೆಯಲ್ಲಿ ತಟ್ಟೆಗೆ ಅಂಟುವುದು, ಸಾರಿನಲ್ಲಿ ಬಾಯಿ ಬಿಡುವುದು, ಅಂಚು ಬೇಯದೆ ಉಳಿಯುವುದು ಮಾತ್ರ ಬಹುಪಾಲು ಕಣಕದ ತಕರಾರು. ಒಂದೇ ಹೂರಣವನ್ನು ಮೂರು ಬಗೆಯ ಕಣಕದಲ್ಲಿ ತುಂಬಿ ನೋಡಿದಾಗ ಕಂಡದ್ದು ಇದು.

ಹೂರಣ ಸುಮಾರು 32 ಮಂಡುವಿಗೆ: ಹಂದಿ ಖೀಮಾ 250 ಗ್ರಾಂ, ತೋಫು (ಸೋಯಾ ಪನೀರ್) 150, ಚೆನ್ನಾಗಿ ಹುಳಿ ಬಂದ ಕಿಮ್ಚಿ (ಕೊರಿಯಾದ ಎಲೆಕೋಸಿನ ಖಾರದ ಉಪ್ಪಿನಕಾಯಿ) 150, ಹೆಸರುಕಾಳಿನ ಉದ್ದ ಮೊಳಕೆ 100, ಸಿಹಿಗೆಣಸಿನ ಪಿಷ್ಟದ ಶಾವಿಗೆ 30 ಗ್ರಾಂ (ಬೇಯಿಸಿ ಹೆಚ್ಚಿದ್ದು), ಸೋಯಾ ಸಾಸ್ ಮತ್ತು ಎಳ್ಳೆಣ್ಣೆ ಒಂದೊಂದು ದೊಡ್ಡ ಚಮಚ, ಬೆಳ್ಳುಳ್ಳಿ, ಕಾಳುಮೆಣಸು. ತೋಫು, ಕಿಮ್ಚಿ, ಕುದಿನೀರಲ್ಲಿ ಅದ್ದಿ ತೆಗೆದ ಮೊಳಕೆ ಮೂರನ್ನೂ ಬಟ್ಟೆಯಲ್ಲಿ ಕಟ್ಟಿ, ಹನಿ ನಿಲ್ಲುವವರೆಗೆ ಹಿಂಡಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಯಾವ ಕಣಕವೂ ಉಳಿಯದು.

ತಣ್ಣೀರಿನ ಕಣಕಕ್ಕೆ 300 ಗ್ರಾಂ ಮೈದಾ, 150–155 ಮಿ.ಲೀ. ನೀರು, ಅರ್ಧ ಟೀ ಚಮಚ ಉಪ್ಪು. ಹತ್ತು ನಿಮಿಷ ನಾದಿ, ಮುಚ್ಚಿ ಅರ್ಧ ಗಂಟೆ ಬಿಡಿ. ಬಿಡದಿದ್ದರೆ ಲಟ್ಟಿಸಿದಷ್ಟೂ ಹಿಂದಕ್ಕೆ ಸೇದುತ್ತದೆ. 14 ಗ್ರಾಂ ಉಂಡೆಯನ್ನು 10 ಸೆಂ.ಮೀ. ಅಗಲಕ್ಕೆ, ನಡು ದಪ್ಪ, ಅಂಚು ತೆಳು ಬರುವಂತೆ ಲಟ್ಟಿಸಿ. ಗ್ಲೂಟನ್ (ನಾದಿದ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನು) ಬಿಗಿಯಾಗಿರುವುದರಿಂದ ಕುದಿಯುವ ನೀರಿಗೂ ಜಗ್ಗದು. ಮಂಡುಗುಕ್‌ಗೆ, ಅಂದರೆ ಮಂಡು ಸಾರಿಗೆ, ಬೇರೆ ಆಯ್ಕೆಯೇ ಬೇಡ. ಹಬೆಯಲ್ಲಿ ಬೇಯಿಸಿದರೆ ಆರುತ್ತಿದ್ದಂತೆ ಅಂಚು ಚಿವುಟಲೂ ಬಾರದಷ್ಟು ಗಡುಸು.

ಬಿಸಿನೀರಿನ ಕಣಕ ಹಬೆಗೆ ಹೇಳಿ ಮಾಡಿಸಿದ್ದು. ಅಷ್ಟೇ ಮೈದಾಕ್ಕೆ ಕುದಿನೀರು 175–180 ಮಿ.ಲೀ.; ಮೊದಲು ಚಮಚದಿಂದ ಕಲಸಿ, ಕೈ ತಾಳುವಷ್ಟಾದಾಗ ನಾದಿ. ಪಿಷ್ಟ ಅಲ್ಲೇ ಅರ್ಧ ಬೆಂದು ನೀರು ಹಿಡಿದುಕೊಳ್ಳುವುದರಿಂದ ಲಟ್ಟಿಸಲು ಸುಲಭ, 12 ನಿಮಿಷದ ಹಬೆಗೆ ಮೃದುವಾಗಿ, ತುಸು ಪಾರದರ್ಶಕವಾಗಿ ಬರುತ್ತದೆ. ಇಡ್ಲಿ ಪಾತ್ರೆಯ ತಟ್ಟೆಗೆ ಎಲೆಕೋಸಿನ ಎಲೆ ಹಾಸಿದರೆ ಅಂಟದು. ಇದನ್ನೇ ಸಾರಿಗೆ ಹಾಕಿದರೆ ಕೆಲವೇ ನಿಮಿಷದಲ್ಲಿ ಲೊಳಲೊಳ. ಸೌಟು ತಗುಲಿದರೆ ಸಾಕು, ಹೂರಣ ಹೊರಗೆ.

ಮೂರನೆಯದು ಅಂಗಡಿಯ ಫ್ರೀಜರಿನಲ್ಲಿ ಸಿಗುವ ಮಂಡುಪಿ, ಅಂದರೆ ಲಟ್ಟಿಸಿಟ್ಟ ಮಂಡು ಹಾಳೆ. ಇದು ಸಮಯ ಉಳಿಸುತ್ತದೆ, ಗುಣವೂ ಕೆಟ್ಟದ್ದಲ್ಲ. ರಾತ್ರಿಯಿಡೀ ಫ್ರಿಜ್‌ನಲ್ಲೇ ಕರಗಿಸಿ. ಹೊರಗಿಟ್ಟರೆ ಬೆವರಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೇಲೆ ಉದುರಿಸಿದ ಪಿಷ್ಟದಿಂದಾಗಿ ಅಂಚು ತಾನಾಗಿ ಕೂಡದು, ಸುತ್ತ ನೀರು ಸವರಿ ಒತ್ತಬೇಕು. ತೆಳುವಾದ್ದರಿಂದ ಗುನ್‌ಮಂಡುವಿಗೆ (ಬಾಣಲೆಯಲ್ಲಿ ಕೆಂಪಗೆ ಮಾಡುವುದಕ್ಕೆ) ಮೂರರಲ್ಲಿ ಇದೇ ಮೇಲು: 2 ದೊಡ್ಡ ಚಮಚ ಎಣ್ಣೆಯಲ್ಲಿ ತಳ ಹೊಂಬಣ್ಣಕ್ಕೆ ಬಂದ ಮೇಲೆ 80 ಮಿ.ಲೀ. ನೀರು ಸುರಿದು ಮುಚ್ಚಿ 6 ನಿಮಿಷ, ಆಮೇಲೆ ಮುಚ್ಚಳ ತೆಗೆದು ನೀರು ಪೂರ್ತಿ ಇಂಗಿಸಿ. ಇಂಗುವ ಮುನ್ನ ಕೆದಕಿದರೆ ಗರಿಗರಿ ತಳ ಬಾಣಲೆಗೇ ಅಂಟಿ ಉಳಿಯುತ್ತದೆ. ಚೀನೀ ಕಡುಬಿನ ವಾಂಟನ್ ಹಾಳೆ ಇದಕ್ಕೆ ಬದಲಿಯಲ್ಲ. ಅದು ಇನ್ನೂ ತೆಳು, ಈ ಹೂರಣದ ಭಾರ ತಡೆಯದು.

ಕೊರಿಯಾದ ಉತ್ತರ ಭಾಗದವರಿಗೆ ಸೊಲ್ಲಾಲ್ ಹೊಸವರ್ಷವೆಂದರೆ ಮಂಡುಗುಕ್, ದಕ್ಷಿಣದವರಿಗೆ ಅಕ್ಕಿಬಿಲ್ಲೆಯ ತೊಕ್‌ಗುಕ್. ಎರಡನ್ನೂ ಕೂಡಿಸಿದ್ದು ತೊಕ್‌ಮಂಡುಗುಕ್. ಮಂಡುವನ್ನು ಬೇರೆ ನೀರಲ್ಲಿ ತೇಲುವವರೆಗೆ, ಮೇಲೆ ಇನ್ನೆರಡು ನಿಮಿಷ ಬೇಯಿಸಿ, ಕುದಿಯುವ ಗೋಮಾಂಸದ ಅಥವಾ ಒಣಮೀನಿನ ಸಾರಿಗೆ ಕೊನೆಗೆ ಬಿಡಿ. ನೇರ ಸಾರಿನಲ್ಲೇ ಬೇಯಿಸಿದರೆ ಮೇಲಿನ ಒಣಹಿಟ್ಟು ಕದಡಿ ಗಂಜಿಯಂತಾಗುತ್ತದೆ.

ಉಳಿದದ್ದನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು ಫ್ರೀಜರಿನಲ್ಲಿ ಕಲ್ಲಾಗಿಸಿ, ನಂತರ ಚೀಲಕ್ಕೆ ತುಂಬಿ. ಬೇಯಿಸುವಾಗ ಕರಗಿಸಬೇಡಿ, ಹಬೆಯ ಹೊತ್ತಿಗೆ 3–4 ನಿಮಿಷ ಸೇರಿಸಿ.