ಚನ್ನಪಟ್ಟಣದ ಅರಗಿನ ಕಮ್ಮಟ: ಕಾರ್ಖಾನೆಯ ಸಿಬ್ಬಂದಿಗೆ ಹೇಳಿ ಮಾಡಿಸಿದ ಕೆಲಸ

ನಮ್ಮದು ಪೀಣ್ಯದಲ್ಲಿರುವ ಯಂತ್ರಭಾಗಗಳ ಸಣ್ಣ ಘಟಕ. ಲೇತ್ (ತಿರುಗಿಸಿ ಕಡೆಯುವ ಯಂತ್ರ) ನಡೆಸುವವರು, ಲೆಕ್ಕಪತ್ರ ನೋಡುವವರು, ಗ್ರಾಹಕರೊಂದಿಗೆ ವ್ಯವಹರಿಸುವವರು ಎಲ್ಲರೂ ಒಂದೇ ಗೇಟಿನಿಂದ ಒಳಬರುತ್ತಾರೆ, ಊಟಕ್ಕೆ ಮಾತ್ರ ಬೇರೆ ಬೇರೆ ಕೂರುತ್ತಾರೆ. ಸಿಬ್ಬಂದಿ ವಿಭಾಗ ನನ್ನ ಹೊಣೆ. ಈ ವರ್ಷ ರೆಸಾರ್ಟ್ ಬೇಡವೆಂದು ಹಟ ಹಿಡಿದು 24 ಮಂದಿಯನ್ನು ಚನ್ನಪಟ್ಟಣದಲ್ಲಿ ತಂಡವಾಗಿ ಅರಗಿನ ಆಟಿಕೆ ಮಾಡಿಸುವ ಒಂದು ಕಮ್ಮಟಕ್ಕೆ ಕರೆದೊಯ್ದೆ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದಾರಿ. ಹಣಕ್ಕೆ ಮೋಸವಿಲ್ಲ, ಧೈರ್ಯವಾಗಿ ಹೋಗಿ ಎಂದು ಈಗಲೇ ಹೇಳಿಬಿಡುತ್ತೇನೆ.

ಇದಕ್ಕೆ ಮುಂಚೆ ನಮ್ಮ ಸಭಾಂಗಣದಲ್ಲಿ ಮಾರ್ಷ್‌ಮ್ಯಾಲೋ ಗೋಪುರದ ಆಟ ಆಡಿಸಿದ್ದೆವು. ಗೋಪುರ ಕಟ್ಟಲು 20 ಸ್ಪಗೆಟಿ ಕಡ್ಡಿ (ಒಣ ಶಾವಿಗೆಯಂಥದ್ದು), ಒಂದು ಗಜ ಟೇಪು, ಒಂದು ಗಜ ದಾರ, 18 ನಿಮಿಷ. ತುದಿಯಲ್ಲಿ ಮೆತ್ತನೆಯ ಮಿಠಾಯಿಯಾದ ಮಾರ್ಷ್‌ಮ್ಯಾಲೋ ನಿಲ್ಲಬೇಕು. ಪೀಟರ್ ಸ್ಕಿಲ್‌ಮನ್ ರೂಪಿಸಿದ, ಟಾಮ್ ವುಜೆಕ್ ಜಗತ್ತಿಗೆ ಪರಿಚಯಿಸಿದ ಆಟವದು. ಬೇಗ ಕಟ್ಟಿ, ಬೇಗ ಬೀಳಿಸಿ, ಮತ್ತೆ ಕಟ್ಟುವ ಶಿಶುವಿಹಾರದ ಮಕ್ಕಳು ವ್ಯವಹಾರ ನಿರ್ವಹಣೆಯ ಪದವೀಧರರನ್ನು ಹಿಂದಿಕ್ಕುತ್ತಾರೆ ಎಂಬುದು ಅದರ ಹೆಸರುವಾಸಿ ಪಾಠ. ಆ ಪಾಠದ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮಲ್ಲಿ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಇಂಗ್ಲಿಷ್ ಸಲೀಸಾಗಿ ಬರುವವರೇ ಮುಂದಾಳುಗಳಾದರು. ಕೈಯಲ್ಲಿ ಕಸುಬಿದ್ದವರು ಗೋಡೆಗೆ ಒರಗಿ ನಿಂತರು. ಅದನ್ನು ನೋಡಿ ನನಗೆ ಸಂಕಟವಾಗಿತ್ತು.

ಚನ್ನಪಟ್ಟಣದಲ್ಲಿ ಆರಾರು ಮಂದಿಯ ನಾಲ್ಕು ತಂಡ. ಪ್ರತಿ ತಂಡವೂ ಮಕ್ಕಳಾಟದ ಉಂಗುರ ಗೋಪುರ ಮಾಡಬೇಕು: ಒಂದು ಕೋಲು, ಅದರ ಮೇಲೆ ಕೆಳಗಿನಿಂದ ಮೇಲಕ್ಕೆ ಕಿರಿದಾಗುತ್ತ ಹೋಗುವ ಐದು ಉಂಗುರ. ಒಬ್ಬೊಬ್ಬರಿಗೆ ಒಂದೊಂದು ಭಾಗ, ಹಾಗಾಗಿ ಸುಮ್ಮನೆ ಕೂರಲು ಯಾರಿಗೂ ಜಾಗವಿಲ್ಲ. ಉಳಿ ಹಿಡಿದು ಆಲೆ ಮರವನ್ನು ಕಡೆಯುವುದು, ತೂತು ಕೊರೆಯುವುದು ಕುಶಲಕರ್ಮಿಗಳ ಕೆಲಸ. ಅಳತೆ ಹೇಳುವುದು, ಬಣ್ಣ ಹಚ್ಚುವುದು, ಹೊಳಪು ಕೊಡುವುದು ನಮ್ಮದು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ತಾಗಿಸಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ಒಣ ತಾಳೆಗರಿ ಒತ್ತಿದಾಗ ಬರುವ ಹೊಳಪನ್ನು ಕಣ್ಣಾರೆ ನೋಡಬೇಕು. "ಒತ್ತಬೇಡಿ ಮೇಡಂ, ಕಡ್ಡಿ ತಾಗಿದರೆ ಸಾಕು, ಉಳಿದದ್ದನ್ನು ಮರವೇ ನೋಡಿಕೊಳ್ಳುತ್ತದೆ" ಎಂದು ಹಿರಿಯ ಕುಶಲಕರ್ಮಿಯೊಬ್ಬರು ನಮ್ಮ ಲೆಕ್ಕಪತ್ರದ ಹುಡುಗಿಗೆ ಹೇಳಿಕೊಟ್ಟರು. ಕನ್ನಡ, ಉರ್ದು, ಕೈಸನ್ನೆ, ಎಲ್ಲವೂ ನಡೆಯಿತು.

ಈ ಕಮ್ಮಟವನ್ನು ರೂಪಿಸಿದವರ ಜಾಣ್ಮೆ ಕಂಡದ್ದು ನಡುವಿನಲ್ಲಿ. ಅರ್ಧ ಕೆಲಸ ಮುಗಿದಾಗ ಪ್ರತಿ ತಂಡದ ಇಬ್ಬರನ್ನು ಎಬ್ಬಿಸಿ ಪಕ್ಕದ ತಂಡಕ್ಕೆ ಕಳಿಸಿದರು. ಮಾತಾಡಿಕೊಳ್ಳಲು ಸಿಕ್ಕಿದ್ದು ಎರಡೇ ನಿಮಿಷ. ನಮ್ಮ ಘಟಕದ ಪಾಳಿ ಬದಲಾವಣೆಯೇ ಅದು! ಒಂದು ತಂಡದಲ್ಲಿ ಮೂರನೆಯ ಉಂಗುರ ಕೋಲಿಗೆ ಇಳಿಯಲೇ ಇಲ್ಲ. ಕೋಲಿಗೆ ಅರಗು ಹಿಡಿದ ಮೇಲೆ ಅದು ಕೊಂಚ ದಪ್ಪವಾಗುತ್ತದೆ, ತೂತು ಅಷ್ಟು ದೊಡ್ಡದಿರಬೇಕು ಎಂಬುದನ್ನು ಎದ್ದು ಹೋದ ಲೇತ್ ಆಪರೇಟರ್ ತಿಳಿದಿದ್ದರು, ಹೇಳಿ ಹೋಗಿರಲಿಲ್ಲ. ಬಂದವರು ಚೀಟಿಯಲ್ಲಿದ್ದ ಅಳತೆಯನ್ನೇ ಕೊಟ್ಟಿದ್ದರು. ನಮ್ಮಲ್ಲಿ ತಿರಸ್ಕೃತವಾಗುವ ಮಾಲಿನಲ್ಲಿ ಎಷ್ಟೋ ಪಾಲು ಇದೇ ಕಾರಣಕ್ಕೆ ಹುಟ್ಟುತ್ತದೆ. ಕೋಲಿಗೆ ಇಳಿಯದೆ ಕೈಯಲ್ಲೇ ಉಳಿದ ಆ ಉಂಗುರವನ್ನು ನೋಡುತ್ತ ಎದ್ದು ಹೋದವರೂ ಬಂದವರೂ ತಾವಾಗಿ ಮಾತಿಗೆ ಕೂತರು. ಯಾರ ಮೇಲೂ ದೂರಿಲ್ಲ, ಏನು ಬರೆದಿಡಬೇಕಿತ್ತು ಎಂಬ ಚರ್ಚೆ. ಎಷ್ಟೇ ಸಭೆ ಕರೆದಿದ್ದರೂ ನನ್ನಿಂದ ಇದು ಸಾಧ್ಯವಾಗಿರಲಿಲ್ಲ.

ಇನ್ನೊಂದು ಮೆಚ್ಚುಗೆ. ಮಂಡಿನೋವಿರುವ ನಮ್ಮ ಹಿರಿಯ ಉಗ್ರಾಣಪಾಲಕರು ಓಟ, ಹಗ್ಗಜಗ್ಗಾಟಗಳಿದ್ದ ಕಡೆಯೆಲ್ಲ ಪ್ರೇಕ್ಷಕರಾಗಿ ಉಳಿಯುತ್ತಿದ್ದರು. ಇಲ್ಲಿ ಕುರ್ಚಿಯಲ್ಲಿ ಕೂತು ಕ್ಯಾಲಿಪರ್ ಹಿಡಿದು ನಾಲ್ಕೂ ತಂಡಗಳ ಉಂಗುರ ತಪಾಸಣೆ ಮಾಡಿದರು. ಅವರು ಒಪ್ಪದೆ ಯಾವುದೂ ಮುಂದೆ ಹೋಗಲಿಲ್ಲ.

ಕೊರತೆಗಳೂ ಇವೆ. ಮರದ ಹುಡಿ ಜೋರು; ಮುಖಗವಸು ಎಲ್ಲರಿಗೂ ಸಾಲಲಿಲ್ಲ, ಕನ್ನಡಕ ಕೇಳಿ ಪಡೆಯಬೇಕಾಯಿತು. ಹೆಂಗಸರಿಗೆ ಇದ್ದದ್ದು ಒಂದೇ ಶೌಚಾಲಯ. ಊಟದ ನಂತರ ಆಯೋಜಕರು ಪರದೆ ಇಳಿಬಿಟ್ಟು ನಾಯಕತ್ವದ ಮೇಲೆ ಒಂದು ಗಂಟೆ ಉಪನ್ಯಾಸ ಕೊಟ್ಟರು. ಬೆಳಿಗ್ಗೆ ಕೈಯಾರೆ ಕಂಡದ್ದನ್ನು ಅದು ತೆಳುವಾಗಿಸಿತು. ಆ ಹೊತ್ತನ್ನು ಕುಶಲಕರ್ಮಿಗಳಿಗೆ ಕೊಟ್ಟಿದ್ದರೆ ಅವರು ಕೆಲಸ ಕಲಿತ ಬಗೆಯನ್ನಾದರೂ ಕೇಳಬಹುದಿತ್ತು.

ಊಟ, ಸಾಮಗ್ರಿ ಸೇರಿ ತಲಾ 1,600 ರೂಪಾಯಿ, ಬಸ್ಸಿನ ಬಾಡಿಗೆ ಬೇರೆ. ಅದರಲ್ಲಿ ಕುಶಲಕರ್ಮಿಗಳಿಗೆ ಸೇರುವ ದಿನಗೂಲಿ ಎಷ್ಟೆಂದು ಕಾಯ್ದಿರಿಸುವಾಗಲೇ ಕೇಳಿ. ನಾನು ಕೇಳಿದೆ, ಆಯೋಜಕರು ಮುಚ್ಚುಮರೆಯಿಲ್ಲದೆ ಹೇಳಿದರು. ಒಂದು ತಂಡಕ್ಕೆ ಆರಕ್ಕಿಂತ ಹೆಚ್ಚು ಮಂದಿಯನ್ನು ಒಪ್ಪಬೇಡಿ. ಉಪನ್ಯಾಸ ಬೇಡವೆಂದು ಮೊದಲೇ ತಿಳಿಸಿದರೆ ಆ ಹೊತ್ತಿನಲ್ಲಿ ಎರಡನೆಯ ಗೋಪುರ ಮಾಡಿಸುತ್ತಾರಂತೆ. ಮುಂದಿನ ತಂಡಕ್ಕೆ ನಾನು ಹಾಗೆಯೇ ಕೇಳಿಕೊಂಡಿದ್ದೇನೆ.