ಚಪಲ್ ಹಡಗಾ, ರಾಕ್ ಗಾರ್ಡನ್ನಾ, ಮುರ್ಡೇಶ್ವರದ ಗುಹೆನಾ?

ಮೇ ರಜೆಗೆ ಹುಬ್ಬಳ್ಳಿಯಿಂದ ತಂಗಿ ಮತ್ತೆ ಅವಳ ಒಂಬತ್ತು ವರ್ಷದ ಮಗ ಶಿರಸಿಗೆ ಬಂದಿದ್ರು. ಬೀಚು ಫಾಲ್ಸು ಎಲ್ಲ ಅವನಿಗೆ ನೋಡಿ ಸಾಕಾಗಿತ್ತು, ಅದಕ್ಕೆ ಈ ಸಲ ಗೊಂಬೆ, ಮೂರ್ತಿ ಇಟ್ಟು ಕಥೆ ಹೇಳೋ ಜಾಗಗಳನ್ನೇ ಆರಿಸ್ಕೊಂಡು ಒಂದಿನ ಮುರ್ಡೇಶ್ವರ, ಇನ್ನೊಂದಿನ ಪೂರ್ತಿ ಕಾರವಾರ ಸುತ್ತಿದ್ವಿ. ಒಂದೇ ಕಡೆ ಹೋಗೋಕೆ ಟೈಮ್ ಇರೋದು ಅಂದ್ರೆ ನಾನಂತೂ ಐಎನ್‌ಎಸ್ ಚಪಲ್ ಹಡಗಿಗೇ ಹೋಗಿ ಅಂತೀನಿ.

ಮುರ್ಡೇಶ್ವರದಲ್ಲಿ 123 ಅಡಿ ಶಿವನ ಕೆಳಗೆ ಗುಹೆ ಇದೆ. ರಾವಣ ಆತ್ಮಲಿಂಗ ತಗೊಂಡು ಬರೋದು, ದನ ಕಾಯೋ ಹುಡುಗನ ವೇಷದಲ್ಲಿ ಬಂದ ಗಣಪತಿ ಅದನ್ನ ಗೋಕರ್ಣದಲ್ಲಿ ನೆಲಕ್ಕೆ ಇಟ್ಟುಬಿಡೋದು, ಎಲ್ಲ ದೊಡ್ಡ ದೊಡ್ಡ ಮೂರ್ತಿಗಳಲ್ಲಿ ಮಾಡಿದ್ದಾರೆ. ಚೆನ್ನಾಗಿದೆ, ಆದ್ರೆ ರಜೆ ದಿನ ರಶ್ ಜಾಸ್ತಿ, ಒಂದು ಕಡೆ ನಿಂತು ನೋಡೋಣ ಅಂದ್ರೆ ಹಿಂದಿನವ್ರು ಬಿಡಲ್ಲ. ಹಿಂದಿನ ರಾತ್ರಿ ಆಯಿ ಕಥೆ ಹೇಳಿ ಮಲಗಿಸಿದ್ದಕ್ಕೆ ಹುಡುಗನಿಗೆ ಅರ್ಥ ಆಯ್ತು.

ಚಪಲ್ ಕಥೆನೇ ಬೇರೆ. ಸೋವಿಯತ್ ಕಾಲದ ಕ್ಷಿಪಣಿ ದೋಣಿ ಇದು, 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿ ಆಗಿದ್ದು, 2006ರಿಂದ ಕಾರವಾರದ ಟಾಗೋರ್ ಬೀಚಲ್ಲಿ ಮ್ಯೂಸಿಯಂ ಆಗಿ ನಿಂತಿದೆ. ಒಳಗೆ ಯೂನಿಫಾರ್ಮ್ ಹಾಕಿದ ನಾವಿಕರ ಗೊಂಬೆಗಳಿವೆ, ಅವರು ನಿಜವಾಗ್ಲೂ ಕೆಲಸ ಮಾಡ್ತಿದ್ದ ಕೋಣೆಗಳಲ್ಲೇ. ಕಬ್ಬಿಣದ ಬಾಗಿಲಿಗೆ ಹೊಸ್ತಿಲು ಎಷ್ಟು ಎತ್ತರ ಅಂದ್ರೆ ನಮ್ಮ ಹುಡುಗ ಮೊದಲನೇದಕ್ಕೇ ಮೊಣಕಾಲು ಬಡಿಸ್ಕೊಂಡ, ನಾನು ತಲೆ ತಗ್ಗಿಸಿಯೇ ಓಡಾಡಿದೆ. "ಮಾಮ, ಇಷ್ಟು ಜಾಗದಲ್ಲಿ ಇವರು ಹೆಂಗೆ ಮಲಗ್ತಿದ್ರು?" ಅಂದ. ಹಡಗಿನ ಉದ್ದ ಸುಮಾರು 38 ಮೀಟರ್, ಮೇಲೆ ನಾಲ್ಕು ಕ್ಷಿಪಣಿ ಲಾಂಚರ್, ಹಿಂದೆ ಮುಂದೆ ತೋಪು, ಎಂಜಿನ್ನಿಗೂ ಜಾಗ ಬೇಕು, ಮನುಷ್ಯರಿಗೆ ಉಳಿದಿದ್ದು ಅಷ್ಟೇ ಅಂತ ಅಲ್ಲೇ ನಿಂತು ತೋರಿಸಿದೆ. ಒಳಗೆ ಸೆಕೆ ಭಯಂಕರ, ಸಣ್ಣ ಮಕ್ಕಳಿದ್ರೆ ಬಿಸಿಲೇರೋ ಮುಂಚೆ ಹೋಗಿ, ಮೆಟ್ಟಿಲು ಕಡಿದಾಗಿದೆ, ಮಂಡಿ ನೋವಿರೋ ಹಿರಿಯರನ್ನ ಹತ್ತಿಸಬೇಡಿ. ಪಕ್ಕದಲ್ಲಿ 29 ವರ್ಷ ನೌಕಾಪಡೆಯಲ್ಲಿ ಹಾರಾಡಿ 2017ರಲ್ಲಿ ನಿವೃತ್ತಿಯಾದ ಟುಪೊಲೆವ್ 142 ಜಾತಿಯ ವಿಮಾನನೂ ಇದೆ. ಒಂದೊಂದು ಎಂಜಿನ್ನಿಗೆ ಎರಡೆರಡು ಫ್ಯಾನ್, ಒಂದು ಹಿಂಗೆ ತಿರುಗಿದ್ರೆ ಇನ್ನೊಂದು ಅದರ ಉಲ್ಟಾ.

ರಾಕ್ ಗಾರ್ಡನ್ ಅಲ್ಲಿಂದ ಹತ್ತಿರ. ಹಾಲಕ್ಕಿ, ಸಿದ್ದಿ, ಗೌಳಿ ಹೀಗೆ ನಮ್ಮ ಜಿಲ್ಲೆ ಜನಗಳ ಬದುಕನ್ನ ಮೂರ್ತಿ ಮಾಡಿಟ್ಟಿದ್ದಾರೆ. ನನಗೆ ಮನಸ್ಸಿಗೆ ಹತ್ತಿರ ಇದೇ, ಆದ್ರೂ ಎರಡನೇ ಸ್ಥಾನ ಕೊಡ್ತೀನಿ. ಯಾಕಂದ್ರೆ ಗೊತ್ತಿದ್ದವ್ರು ಜೊತೆಗಿಲ್ಲದಿದ್ರೆ ಹೊರಗಿನ ಮಕ್ಕಳು ಸೆಲ್ಫಿ ತಗೊಂಡು ಮುಂದೆ ಹೋಗಿಬಿಡ್ತವೆ. ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಇಬ್ಬರೂ ಹಾಲಕ್ಕಿಯವರೇ ಅಂತ ನಾನು ಹೇಳಿದ ಮೇಲೆ ನಮ್ಮವನು ವಾಪಸ್ ಹೋಗಿ ಆ ಮೂರ್ತಿನ ಇನ್ನೊಂದ್ಸಲ ನೋಡಿದ.

ವಾಪಸ್ ಬರ್ತಾ ಅಂಕೋಲಾದಲ್ಲಿ ಕರಿ ಇಶಾಡ ಮಾವಿನಹಣ್ಣು ತಗೊಳ್ಳೋಕೆ ಗಾಡಿ ನಿಲ್ಲಿಸಿದ್ವಿ. ಬುಟ್ಟಿ ಇಟ್ಕೊಂಡು ಕೂತಿದ್ದ ಹಾಲಕ್ಕಿ ಅಜ್ಜಿ ಕೊರಳ ತುಂಬ ಮಣಿಸರ. ಹುಡುಗ ಹಣ್ಣಿನ ಕಡೆ ನೋಡಲೇ ಇಲ್ಲ, ಮೆಲ್ಲಗೆ "ಅಜ್ಜಿ, ಎಷ್ಟು ಸರ ಇದೆ?" ಅಂತ ಕೇಳ್ದ. ಅಜ್ಜಿ ನಕ್ಕು "ಎಣಿಸು ತಮಾ" ಅಂದ್ಲು.